ಸಂಜೆ ಬನ್ನಿ, ರೆಡಿ ಇರುತ್ತೆ

ಸಂಜೆ ಎಂಬುದು ಆಕಾಶಕ್ಕೆ ಸಂಬಂಧಪಟ್ಟ ವಿಷಯವೆಂದು ಲೋಕ ನಂಬಿಕೊಂಡಿದೆ. ಬಿಸಿಲು ಇಳಿಯುತ್ತದೆ, ನೆರಳು ಉದ್ದವಾಗುತ್ತದೆ, ಹಕ್ಕಿಗಳು ಗೂಡಿಗೆ ಬರುತ್ತವೆ, ಸಂಜೆಯಾಗುತ್ತದೆ. ಮೂಲೆಯ ಟೈಲರ್ ಅಂಗಡಿಯಲ್ಲಿ ಮಾತ್ರ ಸಂಜೆಯನ್ನೂ ಗಿರಾಕಿಯ ಪ್ಯಾಂಟಿನ ಹಾಗೆ ಬೇಕಾದಷ್ಟು ಇಳಿಬಿಟ್ಟು ಹೊಲಿಯುತ್ತಿದ್ದರು. ಅಲ್ಲಿ "ಸಂಜೆ ಬನ್ನಿ, ರೆಡಿ ಇರುತ್ತೆ" ಎಂದರೆ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿಲ್ಲ ಎಂದರ್ಥ. "ನಾಳೆ ಖಂಡಿತ" ಎಂದರೆ ಬಟ್ಟೆ ಎಲ್ಲಿದೆ ಎಂದು ಹುಡುಕಬೇಕಾಗಿದೆ. "ಬರೀ ಕಾಜ ಬಾಕಿ" ಎಂದರೆ ಒಂದು ತೋಳು ತಯಾರಾಗಿದೆ, ಇನ್ನೊಂದು ತೋಳು ದೇವರ ಕೈಯಲ್ಲಿದೆ.

ಹಾಗೆಂದು ದರ್ಜಿ ಕೆಟ್ಟವನಲ್ಲ. ಅವನು ಹೊಲಿದ ಕಾಲರ್ ತೊಟ್ಟವನ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು. ಅವನಿಗಿದ್ದ ತೊಂದರೆ ಒಂದೇ, ಯಾರಾದರೂ ಬಟ್ಟೆಯ ಪೊಟ್ಟಣವನ್ನು ಎದೆಗವಚಿಕೊಂಡು ಬಂದು "ಬೇಗ ಆಗತ್ತಾ?" ಎಂದು ಕೇಳಿದರೆ "ಇಲ್ಲ" ಎನ್ನಲು ಬಾಯಿ ಬರುತ್ತಿರಲಿಲ್ಲ. ಎಲ್ಲರಿಗೂ ಹೂಂ ಎನ್ನುತ್ತಿದ್ದ. ಎಲ್ಲರೂ ನಗುತ್ತಾ ಹೋಗಿ, ಸಂಜೆ ಹಲ್ಲು ಕಡಿಯುತ್ತಾ ಬರುತ್ತಿದ್ದರು. ಅವರು ಕೂತು ಹಲ್ಲು ಕಡಿಯಲೆಂದೇ ಅಂಗಡಿಯ ಬಾಗಿಲ ಪಕ್ಕ ಒಂದು ಮರದ ಬೆಂಚಿತ್ತು. ಕೂತೂ ಕೂತೂ ಅದರ ನಡುವೆ ನುಣುಪಾದ ಎರಡು ತಗ್ಗು ಬಿದ್ದಿದ್ದವು.

ಕಟಿಂಗ್ ಮೇಜಿನ ಕೆಳಗೆ ಅವನ ಮಗಳ ಸಂಸಾರ. ಅವಳ ದುಂಡು ಮುಖ ನೋಡಿ ಅಜ್ಜಿ ಇಟ್ಟ ಹೆಸರು ಗುಂಡಿ. ರಸ್ತೆಯಲ್ಲಿ ಬೀಳುವ ಗುಂಡಿಯಲ್ಲ, ಅಂಗಿಗೆ ಹಾಕುವ ಗುಂಡಿ. ಅಜಾಗರೂಕರಾದರೆ ಎರಡೂ ನಾಲ್ಕು ಜನರೆದುರು ಮಾನ ಕಳೆಯುತ್ತವೆ ಎನ್ನುವುದು ಬೇರೆ ಮಾತು. ನಡೆಯಲು ಕಲಿಯುವ ಮೊದಲೇ ಅವಳು ಆ ಮೇಜಿನ ಕೆಳಗೆ ಚಿಂದಿ ಬಟ್ಟೆಯ ಹಾಸಿಗೆ ಹಾಕಿಕೊಂಡು, ನೂಲು ಮುಗಿದ ಬಣ್ಣಬಣ್ಣದ ರೀಲು-ಉಂಡೆಗಳ ಜೊತೆ ಬೆಳೆದವಳು. ಆಚೀಚೆ ಹೋಗುವ ಕಾಲುಗಳನ್ನು ನೋಡಿಯೇ ಜನರನ್ನು ಗುರುತಿಸುತ್ತಿದ್ದಳು. ಮಾತು ಬಂದ ಮೇಲಂತೂ, ಗಿರಾಕಿ ಬಾಗಿಲಿಗೆ ಬಂದು "ಏನ್ ಟೈಲರೇ, ನನ್ನ ಅಂಗಿ?" ಎನ್ನುವಷ್ಟರಲ್ಲಿ ಮೇಜಿನ ಕೆಳಗಿನಿಂದ ಅಪ್ಪನದೇ ಪುಟ್ಟ ಕೆಮ್ಮು ಕೇಳಿಸುತ್ತಿತ್ತು, ಅದರ ಹಿಂದೆಯೇ, "ಹ್ಞಂ... ಬರೀ ಕಾಜ ಬಾಕಿ ಸಾರ್. ಸಂಜೆ ಬನ್ನಿ."

ಅಂಗಡಿಯೆಲ್ಲ ನಗುತ್ತಿತ್ತು. ದರ್ಜಿಗಂತೂ ಹೆಮ್ಮೆ. "ನೂಲಿನಂತೆ ಸೀರೆ ಅಂತಾರಲ್ಲ, ನೋಡಿ," ಎಂದು ಎದೆಯುಬ್ಬಿಸುತ್ತಿದ್ದ.

"ನೂಲು ಯಾರದ್ದು ಅಂತ ಕಾಣ್ತಾನೇ ಇದೆ," ಎನ್ನುತ್ತಿದ್ದರು ಹಲ್ಲಿನ ಡಾಕ್ಟರು, ಬೆಂಚಿನ ಮೇಲಿನಿಂದ.

ಈ ಹಲ್ಲಿನ ಡಾಕ್ಟರನ್ನು ಗುಂಡಿ 'ಹಲ್ಲಿ ಡಾಕ್ಟ್ರು' ಎನ್ನುತ್ತಿದ್ದಳು. ಗೋಡೆಗೆ ಅಂಟಿದ ಹಾಗೆ ಆ ಬೆಂಚಿಗೆ ಅಂಟಿಕೊಂಡಿರುತ್ತಿದ್ದುದರಿಂದ ಯಾರೂ ತಿದ್ದಲು ಹೋಗಲಿಲ್ಲ. ಚಳಿಗಾಲಕ್ಕೆಂದು ಅವರು ಕೊಟ್ಟ ನೀಲಿ ಕೋಟಿನ ಬಟ್ಟೆ ಒಂದು ಚಳಿಗಾಲವನ್ನು ಕಪಾಟಿನಲ್ಲೇ ಬೆಚ್ಚಗೆ ಕಳೆದಿತ್ತು. ಒಮ್ಮೆ ಅವರು ಸಹನೆ ಕೆಟ್ಟು ದರ್ಜಿಯ ದೊಡ್ಡ ಕತ್ತರಿಯನ್ನೇ ಎತ್ತಿಕೊಂಡು, "ಇದು ನನ್ನ ಹತ್ರ ಒತ್ತೆ ಇರ್ಲಿ. ನನ್ನ ಪ್ಯಾಂಟು ಕೊಡಿ, ನಿಮ್ಮ ಕತ್ತರಿ ತಗೊಳ್ಳಿ," ಎಂದು ಹೋಗಿಬಿಟ್ಟಿದ್ದರು. ಆ ಪ್ಯಾಂಟು ಮಾರನೆಯ ದಿನವೇ ಸಿದ್ಧವಾಗಿತ್ತು. ಮೇಜಿನ ಕೆಳಗಿದ್ದ ಎರಡು ಕಣ್ಣು ಇದನ್ನೆಲ್ಲ ನೋಡಿಟ್ಟುಕೊಂಡಿದ್ದವು.

ಹೀಗಿರುವಾಗ ಗುಂಡಿಗೆ ಶಾಲೆಗೆ ಹೋಗುವ ವಯಸ್ಸಾಯಿತು.

ಮನೆಯೆಂದರೆ ಅಂಗಡಿಯ ಹಿಂದಿನ ಎರಡು ಕೋಣೆ. ಅಲ್ಲಿ ಶಾಲೆಯ ತಾಲೀಮು ಶುರುವಾಯಿತು. ಟೀಚರ್ ಪಾತ್ರ ಅಜ್ಜಿಯದು. ಅಂಗಡಿಯಲ್ಲಿ ಗುಂಡಿ ತೂರಲು ಹಾಕುವ ಕಾಜವೆಲ್ಲ ಅಜ್ಜಿಯ ಕೈಯದೇ. ಮೊಣಕಾಲು ಹಿಡಿದುಕೊಂಡ ಮೇಲೆ ಕುರ್ಚಿ ಬಿಟ್ಟು ಹೆಚ್ಚು ದೂರ ಹೋಗುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೈಯಲ್ಲಿ ಅಡಿಕೋಲು ಹಿಡಿದು ಗಂಟಲು ಸರಿಮಾಡಿಕೊಂಡರು.

"ನಿನ್ನ ಹೆಸರೇನು ಮಗು?"

"ಗುಂಡಿ."

"ಶಾಲೇಲಿ ಪೂರ್ತಿ ಹೆಸರು ಹೇಳ್ಬೇಕು."

"ಪೂರ್ತಿ ಗುಂಡಿ."

"ಆಯ್ತು, ಪೂರ್ತಿ ಗುಂಡಿಯವರೇ. ಒಂದಕ್ಕೆ ಹೋಗ್ಬೇಕಾದ್ರೆ ಒಂದು ಬೆರಳು ಎತ್ತಬೇಕು. ಎರಡಕ್ಕೆ ಹೋಗ್ಬೇಕಾದ್ರೆ ಎರಡು ಬೆರಳು. ಎಲ್ಲಿ, ಎತ್ತು ನೋಡೋಣ."

ಗುಂಡಿ ಯೋಚಿಸಿ ಮೂರು ಬೆರಳು ಎತ್ತಿದಳು.

"ಮೂರು ಯಾಕೆ?"

"ಮನೆಗೆ ಹೋಗ್ಬೇಕಾದ್ರೆ."

ಅಮ್ಮನ ಪಾಠ ಬೇರೆ ಜಾತಿಯದು. ಅಮ್ಮ ಬಸ್ ಕಂಡಕ್ಟರ್. ಮನೆಯಲ್ಲೂ ಅವಳ ಮಾತಿಗೆ ಸ್ಟಾಪುಗಳಿರುತ್ತಿದ್ದವು. "ಸಾಲಲ್ಲಿ ನಿಂತ್ಕೋ. ತಳ್ಳಬೇಡ. ಹೊರಗೆ ಬರೋರಿಗೆ ಮೊದ್ಲು ದಾರಿ ಬಿಡು. ಡಬ್ಬಿ ಮುಚ್ಚಳ ಹೀಗೆ ತಿರುಗ್ಸು. ಚೆಲ್ಲಿದ್ರೆ ಅಳಬೇಡ, ಒರೆಸು. ಮುಂದೆ ನಡಿ." ಗುಂಡಿ ಬಾಗಿಲಿಂದ ಒಲೆಯವರೆಗೆ ಸಾಲಿನಲ್ಲಿ ನಡೆದಳು. ಸಾಲಿನಲ್ಲಿ ಅವಳೊಬ್ಬಳೇ ಇದ್ದರೂ ಯಾರನ್ನೂ ತಳ್ಳಲಿಲ್ಲ.

ಅಪ್ಪನ ಪಾಲಿಗೆ ಬಂದದ್ದು ಯೂನಿಫಾರ್ಮ್. ಬೂದು ಬಣ್ಣದ ಬಟ್ಟೆ ತಂದಾಗಿತ್ತು, ಅಳತೆ ತೆಗೆದಾಗಿತ್ತು, ಕಪಾಟಿನಲ್ಲಿ ಡಾಕ್ಟರ ಕೋಟಿನ ಬಟ್ಟೆಯ ಪಕ್ಕದಲ್ಲಿ ಇಟ್ಟೂ ಆಗಿತ್ತು. ಅಲ್ಲಿಂದ ಮುಂದೆ ಅದು ಕದಲಲಿಲ್ಲ.

"ಅವಳದ್ದು ಯಾವಾಗ ಹೊಲೀತೀರಿ?" ಎಂದಳು ಹೆಂಡತಿ.

"ನಾಳೆ ಖಂಡಿತ."

"ಅಂದ್ರೆ ಅವಳ ಮದುವೆಗೆ ಹಾಕ್ಕೋಬಹುದು, ಬಿಡಿ."

ದರ್ಜಿ ನಕ್ಕ. ಆಗ ಎಲ್ಲವೂ ನಗುವ ವಿಷಯವೇ ಆಗಿತ್ತು. ಮಗುವಿಗೆ ಶಾಲೆಯೆಂದರೆ ಹೆದರಿಕೆ ಇರಲಿಲ್ಲ. ಹೊಸ ಚೀಲವನ್ನು ಬೆನ್ನಿಗೆ ಹಾಕಿಕೊಂಡೇ ಮಲಗಿ, ಆಮೆಯ ಹಾಗೆ ಮಗ್ಗುಲು ಬದಲಾಯಿಸಲಾರದೆ ಒದ್ದಾಡುತ್ತಿದ್ದಳು.

ಶಾಲೆ ಶುರುವಾಗುವ ಹಿಂದಿನ ವಾರ, ಮಕ್ಕಳು ಬಂದು ಒಮ್ಮೆ ನೋಡಿಕೊಂಡು ಹೋಗಲಿ ಎಂದು ಟೀಚರ್ ಕರೆದಿದ್ದರು. ದರ್ಜಿ ಮಗಳ ಕೈಹಿಡಿದು, ದೊಡ್ಡ ರಸ್ತೆ ದಾಟಿಸಿ ಕರೆದುಕೊಂಡು ಹೋದ. ಟೀಚರ್ ಎತ್ತರದ ಹೆಂಗಸು, ಮೊಣಕೈಗೆ ಸೀಮೆಸುಣ್ಣ ಮೆತ್ತಿಕೊಂಡಿತ್ತು. ಮಾತಾಡುವಾಗ ಮಂಡಿಯೂರಿ ಗುಂಡಿಯ ಎತ್ತರಕ್ಕೆ ಇಳಿಯುತ್ತಿದ್ದರು. ಗೋಡೆಯಲ್ಲಿ ಚೀಲ ತೂಗುಹಾಕಲು ಸಾಲಾಗಿ ಮೊಳೆಗಳಿದ್ದವು, ಒಂದೊಂದರ ಮೇಲೂ ಒಂದೊಂದು ಚಿತ್ರ. ಗುಂಡಿ ಬಾತುಕೋಳಿಯನ್ನು ಆರಿಸಿಕೊಂಡಳು. ಪುಟ್ಟ ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತು ಪರೀಕ್ಷಿಸಿದಳು. ಟೀಚರ ಲಂಗದ ಅಂಚು ಮುಟ್ಟಿ, "ಇಲ್ಲಿ ಹೊಲಿಗೆ ಬಿಟ್ಟಿದೆ," ಎಂದು ತಿಳಿಸಿದಳು. ಎಲ್ಲ ಸುಸೂತ್ರವಾಗಿ ನಡೆದಿತ್ತು.

ಹೊರಡುವಾಗ ಟೀಚರ್ ಕೇಳಿದರು, "ಸಂಜೆ ಬೆಲ್ ಆದ್ಮೇಲೆ ಇವಳನ್ನ ಕರ್ಕೊಂಡು ಹೋಗೋಕೆ ಯಾರು ಬರ್ತೀರಿ?"

ಬೆಳಿಗ್ಗೆ ಬಿಡುವುದು ಅಮ್ಮನ ಕೆಲಸ. ಸಂಜೆಯ ಹೊತ್ತಿಗೆ ಅವಳ ಬಸ್ಸು ಊರಿನ ಆ ತುದಿಯಲ್ಲಿರುತ್ತದೆ. ಅಜ್ಜಿಯ ಮೊಣಕಾಲಿಗೆ ದೊಡ್ಡ ರಸ್ತೆ ಆಗಿಬರುವುದಿಲ್ಲ. ದರ್ಜಿ ಕೊರಳ ಅಳತೆ ಟೇಪನ್ನು ಎರಡೂ ಕಡೆ ಜಗ್ಗಿ, ಒಂದು ಪುಟ್ಟ ಕೆಮ್ಮು ಕೆಮ್ಮಿ ಹೇಳಿದ:

"ಹ್ಞಂ... ನಾನೇ ಬರ್ತೀನಿ. ಸಂಜೆ, ಕರೆಕ್ಟಾಗಿ."

ಅವನ ಬೆರಳುಗಳೊಳಗಿದ್ದ ಪುಟ್ಟ ಕೈ ಜಾರಿಕೊಂಡಿತು. ಗುಂಡಿ ಗೇಟಿನ ಪಕ್ಕ ನೋಡುತ್ತಿದ್ದಳು. ಅಲ್ಲಿ ಒಂದು ಮರದ ಬೆಂಚಿತ್ತು.

"ಅದು ಯಾಕಿದೆ?"

"ಅದಾ? ಅಪ್ಪ ಅಮ್ಮ ಬರೋದು ತಡ ಆದ್ರೆ ಮಕ್ಕಳು ಅಲ್ಲಿ ಕೂತು ಕಾಯ್ತಾರೆ," ಎಂದರು ಟೀಚರ್.

ದೊಡ್ಡ ರಸ್ತೆ ದಾಟುವವರೆಗೂ ಗುಂಡಿ ತಿರುತಿರುಗಿ ಆ ಬೆಂಚನ್ನೇ ನೋಡುತ್ತಾ ನಡೆದಳು. ಮನೆ ಮುಟ್ಟಿದ ಮೇಲೆ ಚೀಲವನ್ನು ಬೆನ್ನಿಂದ ಇಳಿಸಿ, ಅಪ್ಪನ ಕೈಗೆ ಕೊಟ್ಟು ಹೇಳಿದಳು, "ನಾನು ಶಾಲೆಗೆ ಹೋಗಲ್ಲ."

ಯಾಕೆಂದು ಕೇಳದವರಿಲ್ಲ. ಟೀಚರ್ ಇಷ್ಟವಾಗಲಿಲ್ಲವೇ? ಇಷ್ಟ. ಬಾತುಕೋಳಿ? ಇಷ್ಟ. ಕುರ್ಚಿ ಗಟ್ಟಿಯಿತ್ತೇ? ಇಲ್ಲ. ಮತ್ತೇನು? ಮೂರು ಬೆರಳು. ಅಜ್ಜಿ ಮುದ್ದು ಮಾಡಿದರು, ಅಮ್ಮ ಗದರಿದಳು. ದರ್ಜಿ ಟೀಚರ ಹಾಗೆ ಮಂಡಿಯೂರಿ, ಬಾತುಕೋಳಿಯ ಹಾಗೆ ಕೂಗಿ, ಕಡೆಗೆ ಶಾಲೆಯ ಬೆಲ್ಲಿನ ಹಾಗೂ ಕೂಗಿದ. ಪಕ್ಕದ ಬೇಕರಿಯಾಕೆ ಬಂದು ಯಾರಿಗೆ ಏನಾಯಿತೆಂದು ವಿಚಾರಿಸಿಕೊಂಡು ಹೋದಳು. ಮೂರು ಬೆರಳು ಇಳಿಯಲಿಲ್ಲ.

ವಿಷಯ ಹೊರಬಿದ್ದದ್ದು ಒಂದು ಮಧ್ಯಾಹ್ನ. ದರ್ಜಿ ಮಿಷನ್ ತುಳಿಯುತ್ತಿದ್ದ. ಹಲ್ಲಿನ ಡಾಕ್ಟರು ಬೆಂಚಿನ ಮೇಲೆ ತಮ್ಮ ಮಾಮೂಲಿ ತಗ್ಗಿನಲ್ಲಿ ಕೂತಿದ್ದರು. ಮೇಜಿನ ಕೆಳಗೆ ಗುಂಡಿ ಖಾಲಿ ನೂಲಿನ ಉಂಡೆಗಳನ್ನು ಸಾಲಾಗಿ ನಿಲ್ಲಿಸಿ ಶಾಲೆಯಾಟ ಆಡುತ್ತಿದ್ದಳು.

"ಮಕ್ಕಳೇ, ಬೆಲ್ ಆಯ್ತು," ಎಂದಳು ಅಜ್ಜಿಯ ದನಿಯಲ್ಲಿ. ಆಮೇಲೆ ಅಮ್ಮನ ದನಿ ಬಂತು: "ಇಳೀರಿ ಇಳೀರಿ, ಬೇಗ ಇಳೀರಿ." ಹಳದಿ ಉಂಡೆ ಮನೆಗೆ ಹೋಯಿತು. ಇನ್ನಾರೋ ಬಂದು ಹಸಿರನ್ನು ಕರೆದುಕೊಂಡು ಹೋದರು, ಬಿಳಿಯನ್ನು ಕರೆದುಕೊಂಡು ಹೋದರು. ಉಳಿದದ್ದು ಒಂದು ಕೆಂಪು ಉಂಡೆ. ಅದನ್ನು ಗುಂಡಿ ಒಂದು ಬೆಂಕಿಪೆಟ್ಟಿಗೆಯ ಮೇಲೆ ಕೂರಿಸಿದಳು.

"ಅಪ್ಪ ಬಂದ್ರಾ?" ಎಂದಿತು ಕೆಂಪು ಉಂಡೆ.

ಪುಟ್ಟ ಕೆಮ್ಮು. "ಹ್ಞಂ... ಬರೀ ಕಾಜ ಬಾಕಿ ಪುಟ್ಟಾ. ಸಂಜೆ ಬರ್ತೀನಿ."

"ಈಗ ಬಂದ್ರಾ?"

"ನಾಳೆ ಖಂಡಿತ."

ಆಮೇಲೆ ಅವಳು ಒಂದು ಚಿಂದಿ ಬಟ್ಟೆ ಹುಡುಕಿ, ಕೆಂಪು ಉಂಡೆಗೆ ಚಳಿಯಾಗದಂತೆ ಹೊದಿಸಿ, ಬೆಂಕಿಪೆಟ್ಟಿಗೆಯ ಬೆಂಚಿನ ಮೇಲೆಯೇ ಮಲಗಿಸಿದಳು.

ದರ್ಜಿಯ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಮಿಷನ್ ಅರ್ಧ ಹೊಲಿಗೆಯಲ್ಲಿ ಸೂಜಿ ಎತ್ತಿ ನಿಂತಿತು. ಇಷ್ಟು ದಿನ ಅಂಗಡಿಯನ್ನು ನಗಿಸಿದ ದನಿ ಅದೇ. ಕೆಮ್ಮೂ ಅದೇ. ನಗು ಮಾತ್ರ ಯಾರಿಗೂ ಬರಲಿಲ್ಲ. ಬೆಂಚಿನ ಮೇಲೆ ಡಾಕ್ಟರು ತಮ್ಮ ಉಗುರನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳತೊಡಗಿದರು.

ದರ್ಜಿ ನೆಲಕ್ಕಿಳಿದು, ತಲೆ ತಗ್ಗಿಸಿ ಮೇಜಿನ ಕೆಳಗೆ ತೂರಿದ. ಬಹಳ ವರ್ಷಗಳಿಂದ ಆ ಮೇಜು ಅವನದೇ ಆಗಿದ್ದರೂ ಅದರ ತಳ ನೋಡಿದ್ದು ಅದೇ ಮೊದಲು.

"ಗುಂಡಿ, ನಾನು ನಿಜವಾಗ್ಲೂ ಬರ್ತೀನಿ ಕಣೇ."

"ಹಲ್ಲಿ ಡಾಕ್ಟ್ರಿಗೂ ಹಂಗೇ ಹೇಳ್ತೀಯ."

"ಅದು ಬೇರೆ. ಅದು ಅಂಗಡಿ ಸಂಜೆ. ಇದು ನಿಜವಾದ ಸಂಜೆ."

ಗುಂಡಿ ಅವನ ಮುಖವನ್ನೇ ನೋಡಿದಳು. "ಎರಡೂ ಹೇಳೋವಾಗ ಒಂದೇ ಥರ ಕೇಳತ್ತೆ," ಎಂದಳು. "ಅಮ್ಮ ಬರೋದಾದ್ರೆ ಶಾಲೆಗೆ ಹೋಗ್ತೀನಿ. ನೀನು ಬರೋದಾದ್ರೆ ಹೋಗಲ್ಲ."

ಹೊರಗೆ ಬರುವಾಗ ದರ್ಜಿಯ ತಲೆ ಮೇಜಿಗೆ ಬಡಿಯಿತು. ಬಡಿಯಬೇಕಾದದ್ದೇ ಎಂದು ಅವನಿಗೂ ಅನ್ನಿಸಿತು.

ಹೆಂಡತಿ ಕೆಲಸದಿಂದ ಬಂದಾಗ ನಡೆದದ್ದನ್ನು ಹೇಳಿದ. ಅವಳು ಬೂಟು ಬಿಚ್ಚುತ್ತಾ ಕೇಳಿಸಿಕೊಂಡಳು. "ನಾನು ರಜಾ ಹಾಕ್ಬಹುದು, ಒಂದಿನ. ಆಮೇಲೆ?"

"ನಿನ್ನ ಮಾತು ನಂಬ್ತಾಳೆ. ನನ್ನ ಮಾತು ಯಾಕೆ ನಂಬಲ್ಲ? ಅವಳಿಗೆ ನಾನು ಯಾವತ್ತಾದ್ರೂ ಇಲ್ಲ ಅಂದಿದ್ದೀನಾ?"

"ಅದಕ್ಕೇ. ನಾನು ಆಗಲ್ಲ ಅಂತಾನೂ ಹೇಳ್ತೀನಿ ನೋಡಿ, ಆಗತ್ತೆ ಅಂದಾಗ ಅವಳಿಗೆ ವ್ಯತ್ಯಾಸ ಗೊತ್ತಾಗತ್ತೆ. ಬಸ್ ತುಂಬಿದ್ರೆ ತುಂಬಿದೆ ಅಂತೀನಿ. ನೀವು ಎಲ್ಲರನ್ನೂ ಹತ್ತಿಸ್ಕೊತೀರಿ, ಬಸ್ಸು ನಿಂತಲ್ಲೇ ಇರತ್ತೆ."

ಅಜ್ಜಿ ಸೂಜಿಗೆ ದಾರ ಪೋಣಿಸುತ್ತಾ ಒಂದೇ ಮಾತು ಸೇರಿಸಿದರು. "ಅವನಪ್ಪನೂ ಹಂಗೇ. ಮದುವೆ ಕೋಟು ಅವರೇ ಹೊಲ್ಕೊಂಡಿದ್ದು. ಮದುವೆಗೆ ಶರ್ಟಲ್ಲಿ ಬಂದ್ರು."

ಮರುದಿನ ಬೆಳಿಗ್ಗೆ ದರ್ಜಿ 'ಇಲ್ಲ' ಎನ್ನಲು ಕಲಿಯಲು ಕೂತ. ಮೊದಲ ಗಿರಾಕಿ ಬೇಕರಿಯಾಕೆ, ಕೈಯಲ್ಲಿ ಪರದೆಯ ಬಟ್ಟೆ. "ನಾಡಿದ್ದಿಗೆ ಆಗತ್ತಾ?"

ದರ್ಜಿಯ ಬಾಯಿ ತನ್ನ ಪಾಡಿಗೆ ತಾನು ತೆರೆದುಕೊಂಡಿತು. "ಸಂ..." ಎನ್ನುವಷ್ಟರಲ್ಲಿ ಮೇಜಿನ ಕೆಳಗಿನಿಂದ ಒಂದು ದುಂಡು ಮುಖ ಹೊರಬಂದು ಅವನನ್ನೇ ನೋಡಿತು. "ಸಂ... ಸಂಕಟ ಆಗತ್ತೆ ಹೇಳೋಕೆ," ಎಂದು ಬೆವರು ಒರೆಸಿಕೊಂಡ ದರ್ಜಿ, "ಆದ್ರೆ ಆಗಲ್ಲ. ಮುಂದಿನ ಶುಕ್ರವಾರ."

ಬೇಕರಿಯಾಕೆ ಹಿಂದೆ ಸರಿದಳು. "ಯಾಕ್ರೀ, ಮೈ ಹುಷಾರಿಲ್ವಾ?"

"ಚೆನ್ನಾಗಿದ್ದೀನಿ. ಶುಕ್ರವಾರ ಬಂದ್ರೆ ಸಿಗತ್ತೆ."

"ಸಿಗತ್ತೆ ಅಂದ್ರೆ, ಪರದೆ ಸಿಗತ್ತಾ, ನೀವು ಸಿಗ್ತೀರಾ?"

"ಎರಡೂ."

ಅವಳು ನಂಬಲೂ ಆಗದೆ ಬಿಡಲೂ ಆಗದೆ ಪರದೆ ಇಟ್ಟು ಹೋದಳು. ಸುದ್ದಿ ಬೀದಿಯಲ್ಲಿ ಬ್ರೆಡ್ಡಿಗಿಂತ ಬಿಸಿಯಾಗಿ ಹರಡಿತು. ಸುಮ್ಮನೆ ನೋಡಿಹೋಗಲೆಂದೇ ಕೆಲವರು ಬಂದರು. "ನನಗೂ ಒಂದ್ಸಲ ಆಗಲ್ಲ ಅನ್ನಿ ಟೈಲರೇ, ಕೇಳ್ತೀನಿ," ಎಂದು ಕಿಚಾಯಿಸಿದರು. ದರ್ಜಿ ಅಂದ. ಮೊದಮೊದಲು ಆ ಮಾತು ಹೊಸ ಚಪ್ಪಲಿಯಂತೆ ಕಚ್ಚಿತು, ಬರಬರುತ್ತಾ ಕಾಲಿಗೆ ಒಗ್ಗಿತು. ಅಚ್ಚರಿಯೆಂದರೆ ಯಾರೂ ಬಟ್ಟೆ ವಾಪಸ್ಸು ಒಯ್ಯಲಿಲ್ಲ.

ಗುಂಡಿ ಎಲ್ಲವನ್ನೂ ನೋಡುತ್ತಿದ್ದಳು. ಚೀಲವಿನ್ನೂ ಅಪ್ಪ ಅಂಗಡಿಯಲ್ಲಿ ತೂಗುಹಾಕಿದ ಮೊಳೆಯಲ್ಲೇ ನೇತಾಡುತ್ತಿತ್ತು.

ಶಾಲೆ ಶುರುವಾಗುವುದು ಸೋಮವಾರ. ಭಾನುವಾರ ಬೆಳಿಗ್ಗೆ ದರ್ಜಿ ಬೂದು ಬಟ್ಟೆಯನ್ನು ಕಪಾಟಿನಿಂದ ಇಳಿಸಿ, ಧೂಳು ಕೊಡವಿ, ಮಗಳನ್ನು ಕರೆದ. "ಇವತ್ತು ಸಂಜೆ, ದೀಪ ಹಾಕೋ ಮುಂಚೆ, ನಿನ್ನ ಯೂನಿಫಾರ್ಮ್ ರೆಡಿ."

ಗುಂಡಿ ಹೋಗಿ ಗಿರಾಕಿಗಳ ಬೆಂಚಿನ ಮೇಲೆ, ಡಾಕ್ಟರ ತಗ್ಗಿನಲ್ಲಿ, ಕೈಕಟ್ಟಿ ಕೂತಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಇಂಥ ಗಿರಾಕಿಯನ್ನು ದರ್ಜಿ ಜೀವಮಾನದಲ್ಲಿ ಕಂಡಿರಲಿಲ್ಲ. ಊಟಕ್ಕೂ ಏಳಲಿಲ್ಲ, ಬೆಂಚಿಗೇ ತರಿಸಿಕೊಂಡಳು. ಅವನು ಸೀಮೆಸುಣ್ಣದಿಂದ ಗೆರೆ ಎಳೆದ, ಕತ್ತರಿಸಿದ, ತುಳಿದ. ಮಧ್ಯೆ ಸೂಜಿ ಮುರಿಯಿತು. ಬೇರೆ ದಿನವಾಗಿದ್ದರೆ ಅದೊಂದು ಚಿನ್ನದಂಥ ನೆಪ, ಆ ನೆಪದಲ್ಲಿ ವಾರ ಕಳೆಯಬಹುದಿತ್ತು. ಈಗ ಬೇರೆ ಸೂಜಿ ಹಾಕಿದ. ಗೆಳೆಯನೊಬ್ಬ ಟೀಗೆ ಕರೆದ. "ಆಗಲ್ಲ," ಎಂದ. ಅಜ್ಜಿ ಪಕ್ಕದಲ್ಲೇ ಕೂತು, ಒಂದು ತೋಳು ಮುಗಿಯುತ್ತಿದ್ದಂತೆ ಕಸಿದುಕೊಂಡು ಅಂಚು ಮಡಿಚಿದರು, ಕಾಜ ಹಾಕಿದರು. ಕಿಟಕಿಯ ಬಿಸಿಲು ಮೇಜಿನಿಂದ ಗೋಡೆಗೆ ಹತ್ತಿತು, ಗೋಡೆಯಿಂದ ಕಪಾಟಿಗೆ ಹೋಯಿತು. ಅದು ಇನ್ನೂ ಕಪಾಟಿನ ಮೇಲೆ ಇರುವಾಗಲೇ ದರ್ಜಿ ಕೊನೆಯ ದಾರವನ್ನು ಹಲ್ಲಿನಿಂದ ಕಡಿದು ಎದ್ದು ನಿಂತ.

"ತಗೊಳ್ಳಿ ಮೇಡಂ."

ಗುಂಡಿ ಬೆಂಚಿನಿಂದ ಜಾರಿ ಇಳಿದಳು. ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ಎಳೆದು ನೋಡಿದಳು. ಗುಂಡಿಗಳನ್ನು ಒಂದೊಂದಾಗಿ ಜಗ್ಗಿದಳು. "ಕಾಜ ಬಾಕಿನಾ?"

"ಆಗಿದೆ."

ಬಾಗಿಲಿಗೆ ಹೋಗಿ ಆಕಾಶ ನೋಡಿದಳು. "ಇದು ನಿಜವಾದ ಸಂಜೆನಾ?"

"ನಿಜವಾದದ್ದೇ."

ಅಪ್ಪನ ಮುಖ, ಆಕಾಶ, ಯೂನಿಫಾರ್ಮ್, ಮತ್ತೆ ಅಪ್ಪನ ಮುಖ. ಕೊನೆಗೆ ಕೈ ಮೇಲೆತ್ತಿದಳು. ಎತ್ತಿಕೊಳ್ಳಲು ಎಂದುಕೊಂಡು ದರ್ಜಿ ಬಗ್ಗಿದ. ಅವಳು ಅವನ ಕೊರಳಿಂದ ಟೇಪನ್ನು ಎಳೆದುಕೊಂಡಳು. ಸುರುಳಿ ಸುತ್ತಿ, ಮೊಳೆಯಿಂದ ಚೀಲ ಇಳಿಸಿಕೊಂಡು ಅದರೊಳಗೆ ಹಾಕಿ ಮುಚ್ಚಳ ಒತ್ತಿ, ಬೆನ್ನಿಗೇರಿಸಿದಳು.

"ಇದು ನನ್ನ ಹತ್ರ ಒತ್ತೆ ಇರ್ಲಿ," ಎಂದಳು, ಹಲ್ಲಿನ ಡಾಕ್ಟರ ದನಿಯಲ್ಲಿ. "ನೀನು ಬಾ, ಟೇಪು ತಗೋ."

ಮೂಲೆಯಲ್ಲಿ ಅಜ್ಜಿ ಕೆಮ್ಮಿದಂತೆ ನಕ್ಕರು. ಟೇಪಿಲ್ಲದ ದರ್ಜಿಯೆಂದರೆ ಸ್ಟೀರಿಂಗಿಲ್ಲದ ಬಸ್ಸು. ಆದರೂ ಅವನು ಟೇಪನ್ನು ವಾಪಸ್ಸು ಕೇಳಲಿಲ್ಲ. ಚೀಲ ಮಗಳ ಬೆನ್ನಿಗೆ ವಾಪಸ್ಸಾಗಿತ್ತು, ಅವನಿಗೆ ಅಷ್ಟು ಸಾಕಿತ್ತು.

ಸೋಮವಾರ ಬೆಳಿಗ್ಗೆ ಅಮ್ಮ ಮಗಳನ್ನು ಬಿಟ್ಟು, ಡಿಪೋಗೆ ಹೋಗುವ ದಾರಿಯಲ್ಲಿ ಅಂಗಡಿಗೆ ತಲೆ ಹಾಕಿದಳು. "ಅಳಲಿಲ್ಲ. ಬಾತುಕೋಳಿಗೆ ಚೀಲ ನೇತು ಹಾಕಿ, ಟಿಕೆಟ್ ಇಲ್ಲದೋರ ಥರ ನನ್ನ ಗೇಟಿಂದಾಚೆಗೆ ಇಳಿಸಿದ್ಲು. ಒಂದೇ ಮಾತು ಕೇಳಿದ್ಲು, ಅಪ್ಪನಿಗೆ ನೆನಪಿದೆಯಾ ಅಂತ." ಒಂದು ಕ್ಷಣ ಗಂಡನ ಬರಿದಾದ ಕೊರಳನ್ನು ನೋಡಿದಳು. "ಇದೆ ಅಂತ ಹೇಳಿ ಬಂದಿದ್ದೀನಿ. ನನ್ನ ಹೆಸರು ಕೆಡಿಸ್ಬೇಡಿ."

ದಿನವಿಡೀ ದರ್ಜಿಯ ಕೈ ಕೊರಳಿಗೆ ಹೋಗಿ ಬರಿಗೈಯಲ್ಲಿ ವಾಪಸ್ಸು ಬಂತು. ಗಿರಾಕಿಗಳ ಅಳತೆಯನ್ನು ದಾರ ಹಿಡಿದು, ಗಂಟು ಹಾಕಿ ತೆಗೆದ. ಮಧ್ಯಾಹ್ನ ಕಳೆಯಿತು. ಗಡಿಯಾರದ ಕೆಳಗೇ ಕೂತು ಗಡಿಯಾರವನ್ನೇ ನೋಡುತ್ತಿದ್ದವನ ಮುಂದೆ ಹಲ್ಲಿನ ಡಾಕ್ಟರು ಬಂದು ನಿಂತರು. ನಾಳೆ ಅವರ ಸಂಘದವರದೆಲ್ಲ ಒಂದು ಗ್ರೂಪ್ ಫೋಟೋ. ಕೋಟು ಬೇಕೇ ಬೇಕು.

ಕೋಟು ಕೊನೆಗೂ ಕೋಟಿನ ಆಕಾರಕ್ಕೆ ಬಂದಿತ್ತು. ದರ್ಜಿ ತೊಡಿಸಿದ. ಎಡದ ತೋಳು ಸರಿ. ಬಲದ ತೋಳನ್ನು ಭುಜಕ್ಕೆ ಹಿಡಿದು ಗುಂಡುಸೂಜಿ ಚುಚ್ಚತೊಡಗಿದ. ಅರ್ಧ ಚುಚ್ಚಿದ್ದ ಅಷ್ಟೇ, ಕಣ್ಣು ಗಡಿಯಾರಕ್ಕೆ ಹೋಯಿತು. ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು.

"ಡಾಕ್ಟ್ರೇ, ನಾನು ಹೋಗ್ಬೇಕು."

"ಹೋಗೋದಾ? ಒಂದು ತೋಳು ರೀ. ಐದು ನಿಮಿಷದ ಕೆಲಸ."

ಹೌದು, ಐದು ನಿಮಿಷದ ಕೆಲಸ. ದರ್ಜಿಗೆ ಐದು ನಿಮಿಷದ ಪರಿಚಯ ಚೆನ್ನಾಗಿತ್ತು. ಅವನ ಬದುಕಿನ ಎಲ್ಲ ಸಂಜೆಗಳನ್ನೂ ತಿಂದುಹಾಕಿದ್ದು ಆ ಐದು ನಿಮಿಷವೇ. ಕಣ್ಮುಂದೆ ಚಿಂದಿ ಹೊದ್ದು ಮಲಗಿದ ಒಂದು ಕೆಂಪು ನೂಲಿನ ಉಂಡೆ ಬಂತು.

"ಇಲ್ಲ ಡಾಕ್ಟ್ರೇ. ಆಗಲ್ಲ."

"ಹಾಗಾದ್ರೆ ಈ ಸೂಜಿಗಳನ್ನಾದ್ರೂ ತೆಗೀರಿ."

"ಈಗ ತೆಗೆದ್ರೆ ಮೊದಲಿಂದ ಶುರು ಮಾಡ್ಬೇಕು. ಇರ್ಲಿ ಬಿಡಿ, ಅಲ್ಲಾಡಬೇಡಿ."

"ಚುಚ್ಚಲ್ವಾ?"

"ನೋವೇ ಆಗಲ್ಲ. ಇರುವೆ ಕಚ್ಚಿದ ಹಾಗೆ, ಅಷ್ಟೇ."

ಹಲ್ಲು ಕೀಳುವ ಮುಂಚೆ ತಾವು ಇಡೀ ಊರಿಗೆ ಹೇಳುವ ಮಾತು ತಮಗೇ ತಿರುಗಿ ಬಂದದ್ದಕ್ಕೆ ಡಾಕ್ಟರು ಬಾಯಿ ತೆರೆದು ನಿಂತರು. ದರ್ಜಿ ಆಗಲೇ ಬೀದಿಗಿಳಿದಿದ್ದ. "ನಿಲ್ರೀ, ನಾನೂ ಬರ್ತೀನಿ. ನಿಮ್ಮನ್ನ ಕಣ್ಮುಂದಿಂದ ಬಿಟ್ರೆ ಮತ್ತೆ ಸಿಗೋದು ಯಾವ ಕಾಲಕ್ಕೋ," ಎಂದು ಅವರೂ ಹಿಂದೆ ಹೊರಟರು.

ಮುಂದೆ ಟೇಪಿಲ್ಲದ ದರ್ಜಿ ಓಡುನಡಿಗೆಯಲ್ಲಿ. ಹಿಂದೆ ಒಂದೂವರೆ ತೋಳಿನ ಕೋಟು ತೊಟ್ಟು, ಬಲಗೈಯನ್ನು ಸೈಕಲ್ಲಿನವನು ತಿರುವು ತೋರಿಸಿದ ಹಾಗೆ ಚಾಚಿಕೊಂಡ ಡಾಕ್ಟರು, ಹೆಜ್ಜೆಗೊಮ್ಮೆ "ಅಯ್ಯೋ ಇರುವೆ" ಎನ್ನುತ್ತಾ. ಬೀದಿಯ ಎರಡೂ ಕಡೆಯಿಂದ ಜನ ಕೂಗಿದರು. "ಟೈಲರೇ, ನನ್ನ ಪ್ಯಾಂಟು?" "ಬುಧವಾರ." "ಟೈಲರೇ, ನನ್ನ ಪರದೆ?" "ಶುಕ್ರವಾರ ಅಂದಿಲ್ವಾ." ಡಾಕ್ಟರ ಚಾಚಿದ ಕೈ ಕಂಡು ದೊಡ್ಡ ರಸ್ತೆಯಲ್ಲಿ ಒಂದು ಲಾರಿ ಗೌರವದಿಂದ ನಿಂತುಕೊಂಡಿತು. ಇಬ್ಬರೂ ದಾಟಿದರು.

ಗೇಟಿನ ಮುಂದೆ ಯಾರೂ ಇರಲಿಲ್ಲ. ದರ್ಜಿ ಏದುಸಿರು ಬಿಡುತ್ತಾ ಕಂಬಿ ಹಿಡಿದು ನಿಂತ. ಆಗ ಬೆಲ್ ಹೊಡೆಯಿತು. ಹುಟ್ಟಿದಾರಭ್ಯ ಅವನು ಎಲ್ಲಿಗಾದರೂ ಎಲ್ಲರಿಗಿಂತ ಮೊದಲು ಬಂದದ್ದು ಅಂದೇ.

ಬೇರೆ ಅಪ್ಪ ಅಮ್ಮಂದಿರು ಬಂದರು. ಮಕ್ಕಳು ಒಬ್ಬೊಬ್ಬರಾಗಿ ಹೊರಬಂದರು. ಒಂದೂವರೆ ತೋಳಿನ ಡಾಕ್ಟರನ್ನು ನೋಡಿ ನಕ್ಕು, ತಮ್ಮ ತಮ್ಮವರ ಕೈಹಿಡಿದು ಹೋದರು. ಗುಂಡಿ ಬರಲಿಲ್ಲ. ಬೀದಿ ಖಾಲಿಯಾಯಿತು. ದರ್ಜಿ ಪಕ್ಕದ ಬೆಂಚು ನೋಡಿದ, ಅದೂ ಖಾಲಿ. ಎದೆಯೊಳಗೆ ಹೊಲಿಗೆಯೊಂದು ಬಿಚ್ಚಿದಂತಾಯಿತು.

ಅಷ್ಟರಲ್ಲಿ ಟೀಚರ್ ಬಾಗಿಲಿಗೆ ಬಂದರು. "ಬಂದ್ರಾ? ಒಳ್ಳೇದಾಯ್ತು. ನಿಮ್ಮ ಮಗಳು ಬೆಳಿಗ್ಗೆಯಿಂದ ಕೂತಿಲ್ಲ."

"ಅತ್ತಳಾ?"

"ಅವಳಾ? ಉಳಿದೋರೆಲ್ಲ ಅಳ್ತಿದ್ರು. ಇವಳು ಚೀಲದಿಂದ ಟೇಪು ತೆಗೆದು, ಅಳತೆ ತೆಗೀಬೇಕು, ಅಲ್ಲಾಡಬೇಡಿ ಅಂದ್ಲು. ಅಷ್ಟೂ ಮಕ್ಕಳು ಅಳೋದು ಬಿಟ್ಟು ಕೈ ಅಗಲಿಸಿ ಸಾಲಾಗಿ ನಿಂತ್ಕೊಂಡ್ರು. ನಾನು ಇಷ್ಟು ವರ್ಷದಿಂದ ಸಾಲು ಮಾಡಿಸೋಕೆ ಒದ್ದಾಡ್ತಿದ್ದೀನಿ." ಅವರು ಬಗ್ಗಿ ತಮ್ಮ ಲಂಗದ ಬಿಟ್ಟ ಹೊಲಿಗೆಯನ್ನು ನೋಡಿಕೊಂಡರು. "ಎಲ್ಲರಿಗೂ ಹೊಸ ಬಟ್ಟೆ ನಾಳೆ ಸಂಜೆಗೆ ಅಂತ ಹೇಳಿದ್ದಾಳೆ. ನನ್ನ ಲಂಗದ ಅಂಚೂ ಸೇರಿ."

ದರ್ಜಿಯ ಹಿಂದೆ ಡಾಕ್ಟರು ಸೂಜಿ ಚುಚ್ಚುವುದನ್ನೂ ಮರೆತು ಗಹಗಹಿಸಿದರು.

ಆಗ ಟೀಚರ ಹಿಂದಿನ ಬಾಗಿಲ ಸಂದಿಯಲ್ಲಿ ಗುಂಡಿ ಕಾಣಿಸಿದಳು. ಬೂದು ಯೂನಿಫಾರ್ಮಿನ ಮೇಲೆ ಸೀಮೆಸುಣ್ಣದ ಗೆರೆ, ಕೊರಳಲ್ಲಿ ನೆಲದವರೆಗೆ ಇಳಿಬಿದ್ದ ಟೇಪು. ಅಪ್ಪನನ್ನು ನೋಡಿದಳು. ಕತ್ತೆತ್ತಿ ಆಕಾಶ ನೋಡಿದಳು. ಬಿಸಿಲು ಇನ್ನೂ ಇತ್ತು. ಅವಳ ಮುಖದ ತುಂಬ ಒಂದು ನಗು ನಿಧಾನವಾಗಿ, ಗುಂಡಿ ಕಾಜದೊಳಗೆ ತೂರಿದಂತೆ, ಬಂದು ಕೂತುಕೊಂಡಿತು.

"ಬಂದ್ಯಾ," ಎಂದಳು.

"ಬಂದೆ. ನಡಿ, ಹೋಗೋಣ."

ಗುಂಡಿ ಒಳಗೊಮ್ಮೆ ತಿರುಗಿ ನೋಡಿದಳು. ಅಲ್ಲಿ ಶಾಲೆಯ ಅಡುಗೆಯಾಕೆ ಎರಡೂ ಕೈ ಅಗಲಿಸಿ, ಅಲ್ಲಾಡದೆ ನಿಂತಿದ್ದಳು. ಗುಂಡಿ ಟೇಪಿನ ಎರಡೂ ತುದಿ ಜಗ್ಗಿ, ಒಂದು ಪುಟ್ಟ ಕೆಮ್ಮು ಕೆಮ್ಮಿದಳು.

"ಹ್ಞಂ... ಇವರೊಬ್ರದ್ದು ಬಾಕಿ. ಅಲ್ಲಿ ಕೂತಿರಿ ಸಾರ್, ಆಗೇಹೋಯ್ತು."

ಬಾಗಿಲು ಮುಚ್ಚಿತು. ದರ್ಜಿ ಹೋಗಿ ಬೆಂಚಿನ ಮೇಲೆ ಕೂತ. ಡಾಕ್ಟರು ಬಲಗೈಯನ್ನು ಗಾಳಿಯಲ್ಲೇ ಇಟ್ಟುಕೊಂಡು, ಜೋಪಾನವಾಗಿ ಪಕ್ಕದಲ್ಲಿ ಕುಳಿತರು.

"ಎಷ್ಟೊತ್ತಾಗಬಹುದು ಡಾಕ್ಟ್ರೇ?"

"ಅದನ್ನ ಮಾತ್ರ ಕೇಳ್ಬೇಡಿ," ಎಂದರು ಡಾಕ್ಟರು. "ಕಾಲು ಚಾಚ್ಕೊಳ್ಳಿ, ಬೆನ್ನು ಗೋಡೆಗೆ ಆನಿಸಿ. ಹಾಂ, ಹಾಗೆ. ನನಗೆ ಅಭ್ಯಾಸ ಇದೆ, ಹೇಳ್ಕೊಡ್ತೀನಿ."